ಸಮುದ್ರ ಕಾಣದವರು ಕಟ್ಟಿದ ಸಾಗರಗಳು

ಅರಸೀಕೆರೆ, ತರೀಕೆರೆ, ಚಳ್ಳಕೆರೆ... ಬಸ್ಸಿನ ಕಿಟಕಿಯ ಪಕ್ಕ ಕುಳಿತು ಊರ ಹೆಸರಿನ ಫಲಕಗಳನ್ನು ಓದುತ್ತ ಹೋದರೆ ಕೆರೆಯ ಹೆಸರು ಹೊತ್ತ ಊರುಗಳು ಒಂದರ ಹಿಂದೆ ಒಂದು ಸಿಗುತ್ತವೆ. ಕೆಲವು ಕಡೆ ನಮ್ಮ ಹಿರಿಯರಿಗೆ ಕೆರೆ ಎಂಬ ಮಾತು ಸಾಲದೆನಿಸಿತೋ ಏನೋ, ಸಾಗರ, ಸಮುದ್ರ, ಅಂಬುಧಿ ಎಂದೇ ಕರೆದುಬಿಟ್ಟರು. ಹೊಯ್ಸಳರ ರಾಜಧಾನಿ ದೋರಸಮುದ್ರಕ್ಕೆ, ಅಂದರೆ ಇಂದಿನ ಹಳೇಬೀಡಿಗೆ, ಆ ಹೆಸರು ಬಂದದ್ದು ಅಲ್ಲಿಯ ಕೆರೆಯಿಂದ. ಚನ್ನಗಿರಿ ತಾಲ್ಲೂಕಿನ ಸೂಳೆಕೆರೆಗೆ ಶಾಂತಿಸಾಗರ ಎಂಬ ಇನ್ನೊಂದು ಹೆಸರಿದೆ. ಬೆಂಗಳೂರಿನ ಕೆಂಪೇಗೌಡ ಬಸ್ ನಿಲ್ದಾಣದಲ್ಲಿ ದಿನವೂ ಲಕ್ಷಾಂತರ ಜನ ಓಡಾಡುತ್ತಾರೆ. ಆ ಜಾಗ ಒಂದು ಕಾಲಕ್ಕೆ ಧರ್ಮಾಂಬುಧಿ ಕೆರೆಯಾಗಿತ್ತು.

ಬಯಲುಸೀಮೆಯ ಈ ಊರುಗಳಿಂದ ಕಡಲು ನೂರಾರು ಕಿಲೋಮೀಟರ್ ದೂರ. ಕೆರೆ ಕಟ್ಟಿದ ಜನರಲ್ಲಿ ಬಹುಪಾಲು ಮಂದಿ ಸಮುದ್ರವನ್ನು ಕಂಡಿರಲಾರರು. ಆದರೂ ತಮ್ಮ ಊರ ನೀರಿಗೆ ಸಮುದ್ರದ ಹೆಸರಿಟ್ಟರು. ಅದರಲ್ಲಿ ಸ್ವಲ್ಪ ಉತ್ಪ್ರೇಕ್ಷೆ ಇದೆ, ಬಹಳಷ್ಟು ಆಸೆ ಇದೆ.

ಕರ್ನಾಟಕದಲ್ಲಿ ಸಣ್ಣವು ದೊಡ್ಡವು ಸೇರಿ 36 ಸಾವಿರಕ್ಕೂ ಹೆಚ್ಚು ಕೆರೆಗಳಿವೆ ಎಂದು ಲೆಕ್ಕ. ಬೇಸಿಗೆ ಬಂದರೆ ಪತ್ರಿಕಾ ಕಚೇರಿಗೆ ಅವುಗಳ ಸುದ್ದಿ ಬರತೊಡಗುತ್ತದೆ: ಕೆರೆ ಬತ್ತಿದೆ, ಕೆರೆ ಒತ್ತುವರಿಯಾಗಿದೆ, ಹೂಳು ತುಂಬಿದೆ. ಮಳೆಗಾಲದ ಕೊನೆಗೆ ಇನ್ನೊಂದು ಬಗೆಯ ಸುದ್ದಿ: ಕೆರೆ ಕೋಡಿ ಬಿದ್ದಿದೆ, ಏರಿ ಒಡೆದಿದೆ, ಬಡಾವಣೆಗೆ ನೀರು ನುಗ್ಗಿದೆ. ಎರಡನ್ನೂ ಬರೆಯುವವರು ನಾವೇ. ಎರಡೂ ಒಂದೇ ಕಥೆಯ ಎರಡು ತುದಿಗಳೆಂಬುದು ಮಾತ್ರ ಅಂದಂದಿನ ಸುದ್ದಿಯಲ್ಲಿ ಕಾಣುವುದಿಲ್ಲ. ಆ ಕಥೆಗೆ ಸಾವಿರದೈನೂರು ವರ್ಷಗಳ ಇತಿಹಾಸವಿದೆ.

ಮಳೆ, ಮಣ್ಣು, ಬಂಡೆ

ಮೊದಲು ನೆಲದ ಲೆಕ್ಕವನ್ನು ನೋಡೋಣ. ಅರಬ್ಬೀ ಸಮುದ್ರದಿಂದ ಬರುವ ಮುಂಗಾರಿನ ಮೋಡಗಳು ತಮ್ಮ ಹೊರೆಯನ್ನೆಲ್ಲ ಪಶ್ಚಿಮ ಘಟ್ಟದ ಮೇಲೆ ಇಳಿಸಿ ಹಗುರಾಗುತ್ತವೆ. ಘಟ್ಟದ ಪೂರ್ವಕ್ಕೆ ಇರುವುದು ಮಳೆ ನೆರಳಿನ ನಾಡು. ಕೋಲಾರದ ಕಡೆ ವರ್ಷಕ್ಕೆ 700 ಮಿಲಿಮೀಟರ್ ಆಸುಪಾಸು ಮಳೆ, ಚಳ್ಳಕೆರೆಯ ಕಡೆ ಅದಕ್ಕಿಂತಲೂ ಕಡಿಮೆ. ಅದೂ ವರ್ಷವಿಡೀ ಹಂಚಿಕೊಂಡು ಬರುವುದಿಲ್ಲ. ನಲವತ್ತೈವತ್ತು ದಿನಗಳಲ್ಲಿ, ಅದರಲ್ಲೂ ಕೆಲವೇ ಗಂಟೆಗಳ ಬಿರುಸಿನಲ್ಲಿ, ಮುಗಿದುಹೋಗುತ್ತದೆ.

ಹಾಗೆಂದು ಇದು ಸಣ್ಣ ಮೊತ್ತವೇನಲ್ಲ. ಒಂದು ಹೆಕ್ಟೇರ್ ನೆಲದ ಮೇಲೆ ಒಂದು ಸೆಂಟಿಮೀಟರ್ ಮಳೆ ಬಿದ್ದರೆ ಒಂದು ಲಕ್ಷ ಲೀಟರ್ ನೀರಾಗುತ್ತದೆ. 700 ಮಿಲಿಮೀಟರ್ ಮಳೆಯ ಊರಿನಲ್ಲಿ ಪ್ರತಿ ಎಕರೆಯ ಮೇಲೂ ವರ್ಷಕ್ಕೆ 28 ಲಕ್ಷ ಲೀಟರ್ ನೀರು ಬೀಳುತ್ತದೆ. ಬಯಲುಸೀಮೆಯ ಕಷ್ಟವೆಂದರೆ ಬಿದ್ದ ನೀರು ನಿಲ್ಲುವುದಿಲ್ಲ ಎಂಬುದು.

ಇದಕ್ಕೆ ಕಾರಣ ಮಣ್ಣು. ಉತ್ತರ ಕರ್ನಾಟಕದ ಎರೆಭೂಮಿ ನೀರನ್ನು ಹೀರಿಕೊಂಡು ತಿಂಗಳುಗಟ್ಟಲೆ ತನ್ನೊಳಗೆ ಹಿಡಿದಿಟ್ಟುಕೊಳ್ಳುತ್ತದೆ. ಆ ತೇವದ ಮೇಲೆಯೇ ಹಿಂಗಾರಿ ಜೋಳ ಬೆಳೆದು ನಿಲ್ಲುತ್ತದೆ. ಅಲ್ಲಿ ಮಣ್ಣೇ ಕೆರೆ ಎನ್ನಬಹುದು. ದಕ್ಷಿಣದ ಮೈದಾನದಲ್ಲಿ ಬಹುಪಾಲು ಇರುವುದು ಕೆಂಪು ಮಣ್ಣು. ಪದರ ತೆಳು, ಅದರ ಕೆಳಗೆ ಗಟ್ಟಿ ಬಂಡೆ. ಮಳೆ ಬಿದ್ದ ಹತ್ತು ದಿನಕ್ಕೆ ಬೆಳೆ ಬಾಡತೊಡಗುತ್ತದೆ. ಮಳೆ ಬಿರುಸಾಗಿ ಸುರಿದರೆ ನೀರು ಇಂಗುವ ಮೊದಲೇ ಇಳಿಜಾರು ಹಿಡಿದು ಹರಿಯುತ್ತದೆ. ಹೋಗುವಾಗ ಬರಿಗೈಯಲ್ಲಿ ಹೋಗುವುದಿಲ್ಲ. ಹೊಲದ ಮೇಲುಮಣ್ಣನ್ನೂ ಜೊತೆಗೆ ಒಯ್ಯುತ್ತದೆ.

ಇನ್ನು ಬಿಸಿಲಿನ ಪಾಲು. ಈ ಸೀಮೆಯಲ್ಲಿ ವರ್ಷದಲ್ಲಿ ಬೀಳುವ ಮಳೆಗಿಂತ ಬಿಸಿಲು ಮತ್ತು ಗಾಳಿ ಹೀರಬಲ್ಲ ನೀರಿನ ಪ್ರಮಾಣವೇ ಹೆಚ್ಚು. ಹಾಗಾಗಿ ನೀರನ್ನು ವರ್ಷಗಟ್ಟಲೆ ಬಯಲಿನಲ್ಲಿ ಹರಡಿ ಇಟ್ಟುಕೊಳ್ಳುವುದು ಆಗದ ಮಾತು. ಕೆರೆ ಕಟ್ಟಿದವರ ಉದ್ದೇಶವೂ ಅದಾಗಿರಲಿಲ್ಲ. ಓಡುವ ನೀರನ್ನು ಕೆಲವು ತಿಂಗಳು ತಡೆದು ನಿಲ್ಲಿಸುವುದು, ಅಚ್ಚುಕಟ್ಟಿನಲ್ಲಿ ಒಂದು ಬತ್ತದ ಬೆಳೆ ತೆಗೆಯುವುದು, ದನಕರುಗಳಿಗೆ ಕುಡಿಸುವುದು, ಉಳಿದದ್ದು ಇಂಗಿ ಏರಿಯ ಕೆಳಗಿನ ತೆರೆದ ಬಾವಿಗಳಲ್ಲಿ ಬೇಸಿಗೆಗೆ ಒದಗುವಂತೆ ನೋಡಿಕೊಳ್ಳುವುದು. ಇಷ್ಟೇ ಲೆಕ್ಕ. ಬಿಸಿಲು ಮುಟ್ಟದ ನೀರಿನ ಉಗ್ರಾಣ ಇರುವುದು ನೆಲದೊಳಗೆ ಎಂಬುದು ಅವರಿಗೆ ತಿಳಿದಿತ್ತು.

ಕಲ್ಲಿನ ಮೇಲೆ ಬರೆದ ಪಾಠ

ಕೆರೆ ಕಟ್ಟಿಸಿದ ಸುದ್ದಿ ನಮ್ಮ ಅತಿ ಹಳೆಯ ಶಾಸನಗಳಲ್ಲೇ ಸಿಗುತ್ತದೆ. ಚಿತ್ರದುರ್ಗದ ಬಳಿಯ ಚಂದ್ರವಳ್ಳಿಯಲ್ಲಿ ಕದಂಬ ಮನೆತನದ ಮೂಲಪುರುಷ ಮಯೂರಶರ್ಮನ ಶಾಸನವಿದೆ. ಅದು ಹೇಳುವುದು ಅವನು ಕೆರೆ ಮಾಡಿಸಿದ್ದನ್ನು. ಶಿಕಾರಿಪುರ ತಾಲ್ಲೂಕಿನ ತಾಳಗುಂದದಲ್ಲಿ ಕುಬ್ಜನೆಂಬ ಕವಿ ರಚಿಸಿದ 5ನೇ ಶತಮಾನದ ಸ್ತಂಭ ಶಾಸನವನ್ನು ನಾವು ಕದಂಬರ ಚರಿತ್ರೆಗಾಗಿ ಓದುತ್ತೇವೆ. ಆ ಶಾಸನ ಹುಟ್ಟಿದ್ದು ಕಾಕುಸ್ಥವರ್ಮ ಅಲ್ಲಿಯ ಶಿವಾಲಯದ ಬಳಿ ಕೆರೆ ಮಾಡಿಸಿದ ನೆನಪಿಗೆ.

ಆದರೆ ಕೆರೆಯನ್ನು ಹೇಗೆ ಕಟ್ಟಬೇಕು, ಎಲ್ಲಿ ಕಟ್ಟಬಾರದು ಎಂದು ವಿವರವಾಗಿ ಹೇಳುವ ಶಾಸನವೊಂದು ಇಂದಿನ ಆಂಧ್ರಪ್ರದೇಶದ ಕಡಪ ಸೀಮೆಯ ಪೋರುಮಾಮಿಳ್ಳದಲ್ಲಿದೆ. ಕಾಲ ಕ್ರಿ.ಶ. 1369. ವಿಜಯನಗರದ ಮೊದಲನೆಯ ಬುಕ್ಕರಾಯನ ಮಗ ಭಾಸ್ಕರ, ಭವದೂರನೆಂದೂ ಅವನಿಗೆ ಹೆಸರು, ಉದಯಗಿರಿಯಿಂದ ಆಳುತ್ತಿದ್ದಾಗ ಅನಂತರಾಜಸಾಗರವೆಂಬ ಕೆರೆ ಕಟ್ಟಿಸಿದ. ಇದೂ ಸಾಗರವೇ! ದಿನಕ್ಕೆ ಸಾವಿರ ಆಳು, ನೂರು ಬಂಡಿ, ಎರಡು ವರ್ಷದ ಕೆಲಸ ಎಂದು ಶಾಸನ ಲೆಕ್ಕ ಕೊಡುತ್ತದೆ. ಅನಂತರ ಒಳ್ಳೆಯ ಕೆರೆಗೆ ಬೇಕಾದ ಹನ್ನೆರಡು ಸಾಧನಗಳನ್ನೂ ಕೆರೆಗೆ ಅಂಟಬಾರದ ಆರು ದೋಷಗಳನ್ನೂ ಪಟ್ಟಿ ಮಾಡುತ್ತದೆ.

ಸಾಧನಗಳಲ್ಲಿ ಮೊದಲನೆಯದು ಧರ್ಮಿಷ್ಠನಾದ ದೊರೆ. ಎರಡನೆಯದು ಜಲಶಾಸ್ತ್ರ ಬಲ್ಲವನು. ಆಮೇಲೆ ಗಟ್ಟಿ ನೆಲ, ಮೂರು ಯೋಜನ ದೂರದಿಂದ ಹರಿದು ಬರುವ ಸಿಹಿನೀರಿನ ಹೊಳೆ, ಆನಿಕೊಳ್ಳಲು ಬೆಟ್ಟದ ಚಾಚು, ಬಹಳ ಉದ್ದವಲ್ಲದ ಒತ್ತಾದ ಕಲ್ಲಿನ ಏರಿ, ಅಗಲವೂ ಆಳವೂ ಆದ ಒಡಲು, ಹತ್ತಿರದಲ್ಲೇ ಉದ್ದನೆಯ ಕಲ್ಲು ಸಿಗುವ ಗಣಿ, ಸಮತಟ್ಟಾದ ಫಲವತ್ತಾದ ಅಚ್ಚುಕಟ್ಟು, ಹೀಗೆ ಪಟ್ಟಿ ಬೆಳೆಯುತ್ತದೆ. ಕೊನೆಯದು, ಕಟ್ಟುವ ಕಸುಬು ಬಲ್ಲ ಆಳುಗಳ ಗುಂಪು.

ದೋಷಗಳ ಪಟ್ಟಿ ಇನ್ನೂ ಸ್ವಾರಸ್ಯವಾಗಿದೆ. ಏರಿಯಿಂದ ನೀರು ಜಿನುಗುವುದು, ಚೌಳು ಮಣ್ಣು, ಎರಡು ರಾಜ್ಯಗಳ ಗಡಿಯಲ್ಲಿ ಕೆರೆ ಇರುವುದು, ಕೆರೆಯ ನಡುವೆ ಆಮೆಯ ಬೆನ್ನಿನಂತೆ ದಿಬ್ಬವಿರುವುದು, ನೀರು ಕಡಿಮೆಯಾಗಿ ಹೊಲ ಹೆಚ್ಚಾಗುವುದು, ಹೊಲ ಕಡಿಮೆಯಾಗಿ ನೀರು ಹೆಚ್ಚಾಗುವುದು. ಕೊನೆಯ ಎರಡು ದೋಷಗಳನ್ನು ಇಂದಿನ ಎಂಜಿನಿಯರುಗಳ ಭಾಷೆಗೆ ತಿರುಗಿಸಿದರೆ ಜಲಾನಯನ ಪ್ರದೇಶಕ್ಕೂ ಅಚ್ಚುಕಟ್ಟಿಗೂ ಇರಬೇಕಾದ ಪ್ರಮಾಣದ ಪಾಠವಾಗುತ್ತದೆ. ಎಷ್ಟು ನೆಲದ ಮಳೆ ಬಂದು ಸೇರುತ್ತದೆ, ಎಷ್ಟು ನೆಲಕ್ಕೆ ಅದು ಸಾಲುತ್ತದೆ ಎಂಬ ಲೆಕ್ಕ ಹಾಕದೆ ಕಟ್ಟಿದ ಕೆರೆ ಒಂದೋ ಬರಿದಾಗಿ ಬಿದ್ದಿರುತ್ತದೆ, ಇಲ್ಲವೇ ಒಡೆಯುತ್ತದೆ.

ಈ ಪಾಠಕ್ಕೆ ನಮ್ಮಲ್ಲಿಯೇ ಒಂದು ಒಳ್ಳೆಯ ಉದಾಹರಣೆ ಸೂಳೆಕೆರೆ. ಹರಿದ್ರಾ ಹೊಳೆ ಎರಡು ಗುಡ್ಡಗಳ ನಡುವೆ ಇಕ್ಕಟ್ಟಿನಲ್ಲಿ ನುಸುಳಿ ಹೋಗುವ ಜಾಗವನ್ನು ಹುಡುಕಿ ಅಲ್ಲೇ ಏರಿ ಹಾಕಿದ್ದಾರೆ. ಏರಿ ಉದ್ದವಿಲ್ಲ. ನೀರು ಹರಡುವ ಜಾಗ ಮಾತ್ರ ಆರು ಸಾವಿರ ಎಕರೆಗೂ ಮಿಕ್ಕಿದ್ದು. ಶಾಂತವ್ವ ಎಂಬ ರಾಜಕುವರಿ ಇದನ್ನು ಕಟ್ಟಿಸಿದಳೆಂದು ಜನ ಹೇಳುತ್ತಾರೆ. ಕಟ್ಟಿಸಿದವರು ಯಾರೇ ಇರಲಿ, ಜಾಗ ಆರಿಸಿದವರಿಗೆ ನೆಲ ಓದಲು ಬರುತ್ತಿತ್ತು. ಶತಮಾನಗಳ ಪ್ರವಾಹವನ್ನು ತಡೆದು ಆ ಏರಿ ಇಂದಿಗೂ ನಿಂತಿದೆ.

ನೀರನ್ನು ಹುಡುಕಿಕೊಂಡು ಹೋಗಿ ತಂದ ಉದಾಹರಣೆಯೂ ಉಂಟು. ಗೌರಿಬಿದನೂರು ಸೀಮೆಯಲ್ಲಿ 1388ರ ಒಂದು ಶಾಸನವಿದೆ. ಪೆನುಗೊಂಡೆಗೆ ಹೆನ್ನೆ ಹೊಳೆಯ ನೀರು ತರಬೇಕೆಂದು ರಾಜಕುಮಾರ ಬುಕ್ಕರಾಯ ಅಪ್ಪಣೆ ಕೊಟ್ಟಾಗ ಸಿಂಗಾಯಭಟ್ಟನೆಂಬ ಜಲಸೂತ್ರ ಬಲ್ಲವನು ಹೊಳೆಯಿಂದ ಸಿರುವೆರೆ ಕೆರೆಗೆ ಕಾಲುವೆ ತೆಗೆದನೆಂದು ಅದು ಹೇಳುತ್ತದೆ. ದೊರೆಯ ಹೆಸರಿನ ಪಕ್ಕದಲ್ಲೇ ಎಂಜಿನಿಯರನ ಹೆಸರನ್ನೂ ಕಲ್ಲಿನ ಮೇಲೆ ಬರೆಸಿದ ಕಾಲ ಅದು.

ಮೇಲಿನ ಕೆರೆಯ ಕೋಡಿ, ಕೆಳಗಿನ ಕೆರೆಯ ಒಡಲು

ಬಯಲುಸೀಮೆಯ ಕೆರೆ ಒಂಟಿಯಲ್ಲ. ಭೂಪಟದಲ್ಲಿ ಕೋಲಾರ, ತುಮಕೂರು ಜಿಲ್ಲೆಗಳನ್ನು ನೋಡಿದರೆ ಪ್ರತಿ ಹಳ್ಳದ ಗುಂಟ ಕೆರೆಗಳು ಮಣಿ ಪೋಣಿಸಿದಂತೆ ಕಾಣುತ್ತವೆ. ದಿಣ್ಣೆಯ ಮೇಲೆ ಪುಟ್ಟ ಗೋಕಟ್ಟೆ, ಕುಂಟೆ. ಅದರ ಕೆಳಗೆ ಚಿಕ್ಕಕೆರೆ, ಇನ್ನೂ ಕೆಳಗೆ ದೊಡ್ಡಕೆರೆ. ಮೇಲಿನದು ತುಂಬಿ ಕೋಡಿ ಹರಿದರೆ ಆ ನೀರು ರಾಜಕಾಲುವೆಯಲ್ಲಿ ಕೆಳಗಿನದಕ್ಕೆ ಸೇರುತ್ತದೆ. ಪಾಲಾರ್, ಪೆನ್ನಾರ್, ದಕ್ಷಿಣ ಪಿನಾಕಿನಿ ನದಿಗಳ ಮೇಲ್ಭಾಗವೆಂದರೆ ಇಂಥ ಕೆರೆ ಸರಣಿಗಳೇ.

ಸರಣಿಯಿಂದ ಮೂರು ಲಾಭ. ಹೆಚ್ಚಾದ ನೀರು ವ್ಯರ್ಥವಾಗುವುದಿಲ್ಲ. ಒಂದೊಂದು ಕೆರೆಯೂ ಹರಿವಿನ ಸೊಕ್ಕನ್ನು ಸ್ವಲ್ಪ ಸ್ವಲ್ಪವೇ ಮುರಿಯುವುದರಿಂದ ಕೆಳಗಿನ ಊರಿಗೆ ಪ್ರವಾಹದ ಭಯ ಕಡಿಮೆ. ಮೂರನೆಯದು ಹೂಳಿಗೆ ಸಂಬಂಧಿಸಿದ್ದು. ಮೇಲಿನ ಕಟ್ಟೆ ಕುಂಟೆಗಳು ಮರಳು, ಗರಸನ್ನು ಮೊದಲೇ ತಡೆಯುತ್ತವೆ. ದೊಡ್ಡ ಕೆರೆಗೆ ಬರುವುದು ಹೆಚ್ಚಾಗಿ ನುಣ್ಣನೆಯ ಗೋಡುಮಣ್ಣು.

ಈ ಏರ್ಪಾಡಿನಲ್ಲಿ ಅಪಾಯವೂ ಇದೆ. ಮೇಲಿನ ಒಂದು ಕೆರೆ ಒಡೆದರೆ ಅದರ ನೀರಿನ ಭಾರವೆಲ್ಲ ಕೆಳಗಿನದರ ಮೇಲೆ ಬಿದ್ದು ಸಾಲಾಗಿ ಎಲ್ಲವೂ ಒಡೆಯಬಹುದು. ಆದ್ದರಿಂದ ತನ್ನೂರ ಕೆರೆಯನ್ನು ಮಾತ್ರ ಚೆನ್ನಾಗಿಟ್ಟುಕೊಂಡರೆ ಸಾಲದು, ಮೇಲಿನೂರಿನವರೂ ಅವರ ಕೆರೆಯನ್ನು ಚೆನ್ನಾಗಿಟ್ಟುಕೊಂಡಿರಬೇಕು. ಕೆರೆ ಊರಿಗೂ ಊರಿಗೂ ನಡುವಿನ ಒಪ್ಪಂದವಾದದ್ದು ಹೀಗೆ.

ಕೆರೆ ಒಡೆಯುವ, ಕೆರೆಗೆ ನೀರು ಬಾರದಿರುವ ಭಯ ನಮ್ಮ ಜನಪದದಲ್ಲಿ ಆಳವಾಗಿ ಬೇರೂರಿದೆ. ‘ಕೆರೆಗೆ ಹಾರ’ ಕಥನಗೀತೆಯಲ್ಲಿ ಕೆರೆ ಕಟ್ಟಿಸಿದರೂ ಹನಿ ನೀರು ಬರುವುದಿಲ್ಲ. ಕಿರಿಯ ಸೊಸೆ ಭಾಗೀರಥಿಯನ್ನು ಬಲಿ ಕೊಡುತ್ತಾರೆ. ಇದು ಕೇವಲ ಕಟ್ಟುಕಥೆ ಎನ್ನೋಣವೆಂದರೆ, ಕೃಷ್ಣದೇವರಾಯನ ಕಾಲದಲ್ಲಿ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಪಾಯೆಸ್ ಕೂಡ ಅಂಥದೇ ಸಂಗತಿ ದಾಖಲಿಸಿದ್ದಾನೆ. ರಾಜಧಾನಿಯ ಬಳಿ ಕಟ್ಟಿಸುತ್ತಿದ್ದ ದೊಡ್ಡ ಕೆರೆ ಎರಡು ಮೂರು ಬಾರಿ ಒಡೆದಾಗ ಮರಣಕ್ಕೆ ಅರ್ಹರಾದ ಅಪರಾಧಿಗಳನ್ನು ಅಲ್ಲಿ ಕೊಲ್ಲಿಸಿದರೆಂದು ಅವನು ಬರೆಯುತ್ತಾನೆ. ಕೆರೆ ಎಂದೊಡನೆ ಹಿಂದಿನದೆಲ್ಲ ಬಂಗಾರವಾಗಿತ್ತೆಂದು ಹಾಡುವುದು ಸುಲಭ. ಆ ಬಂಗಾರಕ್ಕೆ ತೆತ್ತವರು ಯಾರೆಂಬುದನ್ನೂ ಇಂಥ ಕಥೆಗಳು ನೆನಪಿಸುತ್ತವೆ. ಮಣ್ಣು ಹೊತ್ತು ಏರಿ ಹಾಕಿದ ಒಡ್ಡರ ಹೆಸರು ಶಾಸನಗಳಲ್ಲಿ ಸಿಗುವುದು ಅಪರೂಪ.

ಹೂಳು ತೆಗೆಯುವವರು ಯಾರು?

ಕೆರೆ ಕಟ್ಟುವುದು ಒಂದು ಸಲದ ಕೆಲಸ, ಅದನ್ನು ಕಾಯುವುದು ಪ್ರತಿ ವರ್ಷದ ಕೆಲಸ. ಕಟ್ಟಿದ ದಿನದಿಂದಲೇ ಕೆರೆ ಹೂಳಲು ತೊಡಗುತ್ತದೆ. ಇದನ್ನು ಚೆನ್ನಾಗಿ ಬಲ್ಲ ಹಿರಿಯರು ಕೆರೆಯ ಜೊತೆಗೇ ಅದರ ಖರ್ಚಿಗೂ ದಾರಿ ಮಾಡಿಡುತ್ತಿದ್ದರು. ಕೆರೆಯ ನಿರ್ವಹಣೆಗೆ ಬಿಟ್ಟ ಭೂಮಿ ಅಥವಾ ಆದಾಯಕ್ಕೆ ಬಿತ್ತುವಟ್ಟ ಎಂದು ಹೆಸರು. ಕೆರೆ ಕಟ್ಟಿಸಿದವನಿಗೆ, ದುರಸ್ತಿ ಮಾಡಿದವನಿಗೆ ಕೊಡುತ್ತಿದ್ದ ಪಾಲು ದಸವಂದ. ಹೂಳೆತ್ತುವ ಬಂಡಿ, ಅದನ್ನೆಳೆಯುವ ಕೋಣಗಳ ಖರ್ಚಿಗೆಂದೇ ಭೂಮಿ ಬಿಟ್ಟ ಶಾಸನಗಳೂ ಇವೆ.

ಊರಿನಲ್ಲಿ ನೀರುಗಂಟಿ ಇದ್ದ. ತೂಬು ಎತ್ತುವವನು, ಇಳಿಸುವವನು ಅವನೇ. ಯಾರ ಗದ್ದೆಗೆ ಯಾವ ಹೊತ್ತಿನಲ್ಲಿ ಎಷ್ಟು ನೀರು ಎಂಬ ತೀರ್ಮಾನ ಅವನ ಕೈಯಲ್ಲಿ. ಏರಿಯಲ್ಲಿ ಇಲಿಬಿಲ ಕಂಡರೆ, ಮರ ಬೇರು ಬಿಟ್ಟರೆ, ಜಿನುಗು ಕಾಣಿಸಿದರೆ ಊರಿಗೆ ತಿಳಿಸುವುದೂ ಅವನ ಹೊಣೆ. ಅವನ ಸಂಬಳ ಸುಗ್ಗಿಯಲ್ಲಿ ಕಣದಿಂದ ಬರುವ ಕಾಳು ಅಥವಾ ಮಾನ್ಯದ ತುಂಡು ಭೂಮಿ. ಬೆಳೆ ಬಂದರೆ ಅವನಿಗೂ ಉಂಟು, ಬಾರದಿದ್ದರೆ ಅವನಿಗೂ ಇಲ್ಲ. ಸಾಮಾನ್ಯವಾಗಿ ಊರಿನ ಕೆಳಜಾತಿಯ ಕುಟುಂಬಕ್ಕೆ ಸೇರಿದ ಈ ಮನುಷ್ಯನಿಗೆ ಅಚ್ಚುಕಟ್ಟಿನಲ್ಲಿ ದೊಡ್ಡ ಜಮೀನಿರುತ್ತಿರಲಿಲ್ಲ. ಹಾಗಾಗಿ ನೀರಿನ ಹಂಚಿಕೆಯಲ್ಲಿ ಅವನು ಪಕ್ಷಪಾತ ಮಾಡಲಾರ ಎಂಬ ನಂಬಿಕೆ ಒಂದು ಕಡೆ, ಊರಿನ ಮೇಲು ಕೀಳಿನ ವ್ಯವಸ್ಥೆ ಇನ್ನೊಂದು ಕಡೆ. ಎರಡೂ ಇದ್ದವು.

ಹೂಳಿನ ವಿಷಯ ನೋಡಿ. ಮೇಲಿನ ಹೊಲದಿಂದ ಕೊಚ್ಚಿಬಂದ ಮೇಲುಮಣ್ಣು, ಎಲೆ, ಸಗಣಿ, ಎಲ್ಲ ಕೆರೆಯ ತಳದಲ್ಲಿ ಕೂತು ಗೋಡು ಆಗುತ್ತದೆ. ಬೇಸಿಗೆಯಲ್ಲಿ ಕೆರೆ ಒಣಗಿದಾಗ ರೈತರು ಗಾಡಿ ಕಟ್ಟಿ ಅದನ್ನು ಹೊಲಕ್ಕೆ ಹೊಡೆಯುತ್ತಿದ್ದರು. ಮರಳು ಮಿಶ್ರಿತ ಕೆಂಪು ಮಣ್ಣಿಗೆ ಗೋಡು ಸೇರಿದರೆ ಹೊಲ ತೇವ ಹಿಡಿಯುತ್ತದೆ, ಸಾರವೂ ಹೆಚ್ಚುತ್ತದೆ. ಹೊಲ ಕಳೆದುಕೊಂಡ ಮಣ್ಣು ಹೊಲಕ್ಕೇ ವಾಪಸು, ಕೆರೆಯ ಆಳ ಕೆರೆಗೆ ವಾಪಸು. ಪರಿಸರ ವಿಜ್ಞಾನದ ಪುಸ್ತಕಗಳು ಚಕ್ರ ಎಂದು ಕರೆಯುವುದು ಇದನ್ನೇ. ಹಳ್ಳಿಯಲ್ಲಿ ಅದಕ್ಕೆ ‘ಗೋಡು ಹೊಡೆಯುವುದು’ ಎಂದು ಹೆಸರು.

ಹೊಣೆ ಕೈ ಬದಲಾದಾಗ

1866ರಲ್ಲಿ ಮೈಸೂರು ಸಂಸ್ಥಾನದ ಮುಖ್ಯ ಎಂಜಿನಿಯರ್ ಆಗಿದ್ದ ಸ್ಯಾಂಕಿ ಇಲ್ಲಿಯ ಕೆರೆಗಳನ್ನು ಕಂಡು ಬೆರಗಾದ. ಸಂಸ್ಥಾನದ 27 ಸಾವಿರ ಚದರ ಮೈಲಿಯಲ್ಲಿ ಶೇಕಡ 60ರಷ್ಟು ನೆಲ ಕೆರೆಗಳ ವ್ಯವಸ್ಥೆಗೆ ಒಳಪಟ್ಟಿದೆ, ಹೊಸದೊಂದು ಕೆರೆಗೆ ಜಾಗ ಹುಡುಕಬೇಕಾದರೆ ಜಾಣತನವೇ ಬೇಕು ಎಂಬರ್ಥದ ಮಾತನ್ನು ಅವನು ಬರೆದ. ಬೆಂಗಳೂರಿನ ಸ್ಯಾಂಕಿ ಕೆರೆಗೆ ಇರುವುದು ಅವನ ಹೆಸರೇ.

ಮೆಚ್ಚಿಕೊಂಡ ಆಡಳಿತವೇ ಕೆರೆಗಳ ಬುಡವನ್ನೂ ಅಲುಗಾಡಿಸಿತು. ಕಂದಾಯದ ಹೊಸ ಪದ್ಧತಿ ಬಂತು. ಕೆರೆಯ ಕಾಯಕಕ್ಕೆಂದು ಬಿಟ್ಟಿದ್ದ ಮಾನ್ಯಗಳು ತನಿಖೆಗೆ ಒಳಗಾದವು, ಬಹಳಷ್ಟಕ್ಕೆ ಕಂದಾಯ ಬಿತ್ತು. ಕೆರೆ ಸರ್ಕಾರದ್ದಾಯಿತು, ದುರಸ್ತಿ ಲೋಕೋಪಯೋಗಿ ಇಲಾಖೆಯದಾಯಿತು. ಸಾವಿರಾರು ಕೆರೆಗಳ ಸಣ್ಣಪುಟ್ಟ ಕೆಲಸ ಮಾಡುವಷ್ಟು ಜನ, ಹಣ ಇಲಾಖೆಯಲ್ಲಿ ಇರಲಿಲ್ಲ. ಕೆಲಸ ಮಾಡುವ ಜನರಿದ್ದ ಊರಿಗೆ ಹಕ್ಕು ಉಳಿಯಲಿಲ್ಲ.

ಅಷ್ಟರಲ್ಲಿ 1876ರಿಂದ 1878ರ ಮಹಾಕ್ಷಾಮ ಬಂತು. ಧಾತು, ಈಶ್ವರ ಸಂವತ್ಸರಗಳ ಆ ಬರವನ್ನು ಹಳಬರು ‘ಧಾತು ಈಶ್ವರ’ ಎಂದೇ ನೆನೆಯುತ್ತಿದ್ದರು. ಮೈಸೂರು ಸಂಸ್ಥಾನದ ಜನಸಂಖ್ಯೆ 1871ರಲ್ಲಿ 50 ಲಕ್ಷ ಮೀರಿತ್ತು. 1881ರ ಗಣತಿಯಲ್ಲಿ ಅದು 42 ಲಕ್ಷದಷ್ಟಿತ್ತು. ಮೇಲಿಂದ ಮೇಲೆ ಮಳೆ ಕೈಕೊಟ್ಟಾಗ ಕೆರೆಗಳೂ ಕಾಯಲಾರವು, ಇದು ನಿಜ. ಒಂದು ವರ್ಷದ ಮಳೆಯನ್ನು ಅದೇ ವರ್ಷಕ್ಕೆ ಒದಗಿಸುವುದಷ್ಟೇ ಕೆರೆಯ ಶಕ್ತಿ. ಆದರೆ ಹೂಳು ತುಂಬಿದ ಕೆರೆಗೆ ಆ ಶಕ್ತಿಯೂ ಇರುವುದಿಲ್ಲ.

ಕ್ಷಾಮದ ಬಳಿಕ ಕೆರೆಗಳ ದುರಸ್ತಿಗೆ ಸಂಸ್ಥಾನ ಮುಂದಾದಾಗ ಕೆಳಗಿನ ಮದ್ರಾಸ್ ಸರ್ಕಾರಕ್ಕೆ ತನ್ನ ಪಾಲಿನ ನೀರಿನ ಚಿಂತೆ ಹತ್ತಿತು. ಕೊನೆಗೆ 1892ರ ಒಪ್ಪಂದವಾಯಿತು. ಅದರಲ್ಲಿ ಹೆಸರಿಸಿದ ನದಿಗಳ ಮೇಲೆ ಮೈಸೂರು ಹೊಸ ಜಲಾಶಯ ಕಟ್ಟಬೇಕಾದರೆ ಮದ್ರಾಸಿನ ಒಪ್ಪಿಗೆ ಬೇಕಾಯಿತು. ಎರಡು ರಾಜ್ಯಗಳ ಗಡಿಯಲ್ಲಿ ಕೆರೆ ಇರುವುದು ದೋಷವೆಂದ 1369ರ ಕಲ್ಲಿನ ಮಾತಿಗೆ ಐದು ಶತಮಾನಗಳ ಮೇಲೆ ಸಿಕ್ಕ ಸಾಕ್ಷಿ ಇದು. 1911ರಲ್ಲಿ ಕೆರೆ ಪಂಚಾಯಿತಿಗಳ ಕಾನೂನು ತಂದು ಹೊಣೆಯನ್ನು ಮತ್ತೆ ಊರಿಗೆ ಒಪ್ಪಿಸುವ ಪ್ರಯತ್ನವೂ ಸಂಸ್ಥಾನದಲ್ಲಿ ನಡೆಯಿತು. ಮುರಿದ ಅಭ್ಯಾಸವನ್ನು ಕಾನೂನಿನಿಂದ ಜೋಡಿಸುವುದು ಸುಲಭವಾಗಿರಲಿಲ್ಲ.

ಕೊಳವೆಬಾವಿಯ ಕಾಲ

ಸ್ವಾತಂತ್ರ್ಯಾನಂತರ ಸರ್ಕಾರದ ಗಮನ ದೊಡ್ಡ ಅಣೆಕಟ್ಟುಗಳತ್ತ ಹರಿಯಿತು. 1970ರ ದಶಕದಿಂದೀಚೆಗೆ ಕೊಳವೆಬಾವಿ ಕೊರೆಯುವ ಯಂತ್ರಗಳು ಹಳ್ಳಿ ಹಳ್ಳಿಗೆ ಬಂದವು. ನೀರುಗಂಟಿಯನ್ನು ಕೇಳಬೇಕಿಲ್ಲ, ಮೇಲಿನೂರಿನವರ ಹಂಗಿಲ್ಲ, ಸ್ವಿಚ್ ಒತ್ತಿದರೆ ನೀರು. ಯಾರಿಗೆ ತಾನೇ ಬೇಡ? ಬರದ ವರ್ಷಗಳಲ್ಲಿ ಎಷ್ಟೋ ಕುಟುಂಬಗಳನ್ನು ಕೊಳವೆಬಾವಿಗಳೇ ಉಳಿಸಿದವು. ಆದರೆ ಬಂಡೆಯ ಬಿರುಕುಗಳಲ್ಲಿ ಕೂತ ನೀರು ಒಂದೊಂದು ಮಳೆಗಾಲ ಹನಿಹನಿಯಾಗಿ ಕೂಡಿಟ್ಟದ್ದು. ತುಂಬುವ ವೇಗಕ್ಕಿಂತ ತೆಗೆಯುವ ವೇಗ ಹೆಚ್ಚಾಯಿತು. ಮೊದಲು ತೆರೆದ ಬಾವಿಗಳು ಬತ್ತಿದವು. ಆಮೇಲೆ ನೂರಡಿ ಸಾವಿರ ಅಡಿಯಾಯಿತು. ಆಳದ ನೀರಿನ ಜೊತೆ ಫ್ಲೋರೈಡ್ ಬಂತು. ಕುಡಿಯುವ ನೀರಿನಲ್ಲಿ ಲೀಟರಿಗೆ ಒಂದೂವರೆ ಮಿಲಿಗ್ರಾಂ ಮೀರಬಾರದ ಈ ಅಂಶ ಕೋಲಾರ, ಚಿಕ್ಕಬಳ್ಳಾಪುರ, ಪಾವಗಡದ ಕಡೆ ಎಷ್ಟೋ ಕೊಳವೆಬಾವಿಗಳಲ್ಲಿ ಮೀರಿದೆ. ಮಕ್ಕಳ ಹಲ್ಲಿನ ಮೇಲಿನ ಕಂದು ಕಲೆ, ದೊಡ್ಡವರ ಬಾಗಿದ ಮೂಳೆ ಅದರ ಗುರುತು.

ನೀರು ಕೊಳವೆಯಿಂದ ಬರತೊಡಗಿದ ಮೇಲೆ ಕೆರೆ ಯಾರಿಗೂ ಬೇಡವಾಯಿತು. ರಸಗೊಬ್ಬರದ ಚೀಲ ಬಂದ ಮೇಲೆ ಗೋಡು ಹೊಡೆಯುವುದೂ ನಿಂತಿತು. ಕೆರೆಗೆ ನೀರು ತರುತ್ತಿದ್ದ ಗೋಮಾಳ, ದಿಣ್ಣೆಗಳಲ್ಲಿ ನೀಲಗಿರಿ ತೋಪುಗಳೆದ್ದವು. ರಾಜ್ಯ ಸರ್ಕಾರ 2017ರಲ್ಲಿ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸುವ ಹೊತ್ತಿಗೆ ದಶಕಗಳೇ ಕಳೆದಿದ್ದವು. ಕೆರೆಯಂಗಳದಲ್ಲಿ ಬಳ್ಳಾರಿ ಜಾಲಿ ಬೆಳೆಯಿತು. ಕೆಲವೆಡೆ ಕೆರೆಯ ಮಣ್ಣನ್ನೇ ತೊಳೆದು ‘ಫಿಲ್ಟರ್ ಮರಳು’ ಎಂದು ಮಾರಿದರು.

ಬೆಂಗಳೂರಿನಲ್ಲಿ ನಡೆದದ್ದು ಇದರದೇ ಇನ್ನೊಂದು ರೂಪ. ಹತ್ತಿರದಲ್ಲಿ ದೊಡ್ಡ ಹೊಳೆಯಿಲ್ಲದ ಈ ಊರನ್ನು ಬೆಳೆಸಿದ್ದು ಕೆರೆಗಳು. ನಲ್ಲಿಯಲ್ಲಿ ದೂರದ ನೀರು ಬಂದ ಮೇಲೆ ಕೆರೆಗಳು ಖಾಲಿ ನಿವೇಶನಗಳಾಗಿ ಕಂಡವು. ಸಂಪಂಗಿ ಕೆರೆಯ ಜಾಗದಲ್ಲಿ ಕಂಠೀರವ ಕ್ರೀಡಾಂಗಣ ಬಂತು. ಉಳಿದ ಕೆರೆಗಳಿಗೆ ರಾಜಕಾಲುವೆಗಳು ಮಳೆನೀರಿನ ಬದಲು ಕೊಳಚೆ ತಂದವು. ಬೆಳ್ಳಂದೂರು ಕೆರೆಯ ನೊರೆಗೆ 2015ರಲ್ಲಿ ಬೆಂಕಿ ಹತ್ತಿದಾಗ ನೀರಿಗೂ ಬೆಂಕಿ ಹತ್ತುತ್ತದೆಯೇ ಎಂದು ನಾಡೇ ಕೇಳಿತು. 2022ರ ಸೆಪ್ಟೆಂಬರಿನಲ್ಲಿ ನಗರದ ಪೂರ್ವ ಭಾಗದ ಬಡಾವಣೆಗಳಲ್ಲಿ ಜನ ದೋಣಿ, ಟ್ರ್ಯಾಕ್ಟರ್ ಹತ್ತಿ ಮನೆಯಿಂದ ಹೊರಬಂದರು. ಒಂದೂವರೆ ವರ್ಷದ ಬಳಿಕ, 2024ರ ಬೇಸಿಗೆಯಲ್ಲಿ, ಅದೇ ನಗರದ ಜನ ಟ್ಯಾಂಕರ್ ನೀರಿಗೆ ಸಾಲು ನಿಂತರು. ಪ್ರವಾಹಕ್ಕೂ ಬರಕ್ಕೂ ಕಾರಣಗಳು ಹಲವು. ನೀರನ್ನು ತಡೆದು ನಿಲ್ಲಿಸುವ ಜಾಗವಿಲ್ಲದಿರುವುದು ಎರಡಕ್ಕೂ ಸಮಾನ.

ಮತ್ತೆ ಕೆರೆಯ ಕಡೆಗೆ

ಇತ್ತೀಚಿನ ವರ್ಷಗಳಲ್ಲಿ ಕೆರೆಗಳ ನೆನಪು ಮರುಕಳಿಸಿದೆ. ವಿಶ್ವಬ್ಯಾಂಕಿನ ನೆರವಿನಿಂದ 2002ರಲ್ಲಿ ಆರಂಭವಾದ ಜಲ ಸಂವರ್ಧನೆ ಯೋಜನೆ ಕೆರೆ ಬಳಕೆದಾರರ ಸಂಘಗಳನ್ನು ಕಟ್ಟಿತು. ಬೆಂಗಳೂರಿನ ಕೊಳಚೆ ನೀರನ್ನು ಸಂಸ್ಕರಿಸಿ ಕೋಲಾರದ ಕೆರೆಗಳಿಗೆ ಹರಿಸುವ ಕೆ.ಸಿ. ವ್ಯಾಲಿ ಯೋಜನೆ 2018ರಲ್ಲಿ ಶುರುವಾಯಿತು. ದಿನಕ್ಕೆ 44 ಕೋಟಿ ಲೀಟರ್ ನೀರು ಕೊಡುವುದು ಅದರ ಗುರಿ. ವರ್ಷಗಟ್ಟಲೆ ಒಣಗಿದ್ದ ಕೆರೆಗಳಲ್ಲಿ ನೀರು ಕಂಡು ಸಂತೋಷಪಟ್ಟವರಿದ್ದಾರೆ. ಎರಡು ಹಂತದ ಸಂಸ್ಕರಣೆ ಸಾಲದು, ಇಂಗುವ ನೀರು ಕುಡಿಯುವ ನೀರಿಗೆ ಸೇರುತ್ತದೆ ಎಂದು ನ್ಯಾಯಾಲಯದ ಮೆಟ್ಟಿಲು ಹತ್ತಿದವರೂ ಇದ್ದಾರೆ. ಸಿಹಿನೀರಿನ ಹೊಳೆಯೇ ಬೇಕೆಂದ ಹಳೆಯ ಕಲ್ಲು ಇಲ್ಲಿಯೂ ಒಂದು ಮಾತು ಹೇಳುತ್ತಿರುವಂತಿದೆ.

ಕೆರೆ ಪುನಶ್ಚೇತನವೆಂದರೆ ಇಂದು ಹೆಚ್ಚಾಗಿ ಕಣ್ಣಿಗೆ ಬೀಳುವುದು ಜೆಸಿಬಿ. ಒಂದೇ ಬೇಸಿಗೆಯಲ್ಲಿ ಕೆರೆಯನ್ನು ಬಟ್ಟಲಿನಂತೆ ಅಗೆದು, ಸುತ್ತ ನಡಿಗೆಯ ದಾರಿ ಮಾಡಿ, ನಡುವೆ ಮಣ್ಣು ಗುಡ್ಡೆ ಹಾಕಿ ದ್ವೀಪ ಮಾಡುವುದುಂಟು. ಹಕ್ಕಿಗಳಿಗೆ ಅದು ನೆಲೆಯಾಗುತ್ತದೆ ಎನ್ನುತ್ತಾರೆ. ಅದರಲ್ಲಿ ಸತ್ಯವೂ ಇದೆ. ಆದರೆ ಕೆರೆಯ ನಡುವಿನ ಆಮೆಬೆನ್ನಿನ ದಿಬ್ಬವನ್ನು ದೋಷಗಳ ಪಟ್ಟಿಯಲ್ಲಿ ಬರೆದವರ ಲೆಕ್ಕ ಬೇರೆ. ಅವರಿಗೆ ದಿಬ್ಬವೆಂದರೆ ನೀರು ನಿಲ್ಲಬೇಕಾದ ಜಾಗದಲ್ಲಿ ಕೂತ ಮಣ್ಣು.

ಅದಕ್ಕಿಂತ ದೊಡ್ಡ ತೊಡಕು ಬೇರೆ ಇದೆ. ಕೆರೆಯನ್ನಷ್ಟೇ ಅಗೆದು ಮೇಲಿನ ದಿಣ್ಣೆಯನ್ನು ಬೋಳಾಗಿಯೇ ಬಿಟ್ಟರೆ, ರಾಜಕಾಲುವೆಯ ಒತ್ತುವರಿ ತೆರವಾಗದಿದ್ದರೆ, ಮೇಲಿನ ಕುಂಟೆಗಳನ್ನು ಮರೆತರೆ, ಕೆಲವೇ ಮಳೆಗಾಲಗಳಲ್ಲಿ ಹೂಳು ಮತ್ತೆ ಬಂದು ಕೂರುತ್ತದೆ. 2021ರ ನವೆಂಬರಿನಲ್ಲಿ ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳಲ್ಲಿ ಭಾರಿ ಮಳೆ ಸುರಿದಾಗ ಎಷ್ಟೋ ವರ್ಷಗಳಿಂದ ತುಂಬದ ಕೆರೆಗಳು ತುಂಬಿ ಕೋಡಿ ಹರಿದವು. ಬಾಗಿನ ಅರ್ಪಿಸಿದ ಸಂಭ್ರಮದ ಜೊತೆಗೇ ದುರ್ಬಲ ಏರಿಗಳ ಆತಂಕವೂ ಇತ್ತು. ಹವಾಮಾನ ಬದಲಾದಂತೆ ಮಳೆ ಕೆಲವೇ ದಿನಗಳಲ್ಲಿ ಬಿರುಸಾಗಿ ಸುರಿಯುವುದು ಹೆಚ್ಚುತ್ತದೆ ಎನ್ನುತ್ತಾರೆ ತಜ್ಞರು. ಹಾಗಾದರೆ ಓಡುವ ನೀರನ್ನು ಹಂತ ಹಂತವಾಗಿ ತಡೆಯುವ ಹಳೆಯ ಸರಣಿ ಮುಂದಿನ ದಿನಗಳಿಗೆ ಇನ್ನಷ್ಟು ಬೇಕಾಗುತ್ತದೆ.

ಇಂದು 40 ಹೆಕ್ಟೇರಿಗಿಂತ ಹೆಚ್ಚು ಅಚ್ಚುಕಟ್ಟಿನ ಕೆರೆಗಳು ಸಣ್ಣ ನೀರಾವರಿ ಇಲಾಖೆಗೆ, ಅದಕ್ಕಿಂತ ಚಿಕ್ಕವು ಪಂಚಾಯಿತಿಗಳಿಗೆ ಸೇರಿವೆ. ಒಂದೇ ಹಳ್ಳದ ಮೇಲಿನ ಕುಂಟೆ ಒಬ್ಬರದು, ಕೆಳಗಿನ ದೊಡ್ಡಕೆರೆ ಇನ್ನೊಬ್ಬರದು. ಸುತ್ತಲಿನ ಗೋಮಾಳ ಕಂದಾಯ ಇಲಾಖೆಯ ಲೆಕ್ಕದಲ್ಲಿದೆ. ನೀರು ಮಾತ್ರ ಯಾವ ಕಡತವನ್ನೂ ನೋಡದೆ ಇಳಿಜಾರು ಹಿಡಿದು ಹರಿಯುತ್ತದೆ.

ಪೋರುಮಾಮಿಳ್ಳದ ಪಟ್ಟಿಯನ್ನು ಮತ್ತೊಮ್ಮೆ ಓದಿದಾಗ ಒಂದು ಸಂಗತಿ ಗಮನ ಸೆಳೆಯುತ್ತದೆ. ನೆಲ, ನೀರು, ಕಲ್ಲು, ಬೆಟ್ಟ ಎಲ್ಲವೂ ಆ ಪಟ್ಟಿಯ ನಡುವಿನಲ್ಲಿವೆ. ಆರಂಭದಲ್ಲಿ ಧರ್ಮ ಬಲ್ಲ ದೊರೆ ಮತ್ತು ಶಾಸ್ತ್ರ ಬಲ್ಲವನು ಇದ್ದಾರೆ, ಕೊನೆಯಲ್ಲಿ ಕೆಲಸ ಬಲ್ಲ ಜನ. ನೆಲ, ನೀರು, ಕಲ್ಲು ನಮ್ಮಲ್ಲಿ ಈಗಲೂ ಇವೆ. ಪ್ರತಿ ವರ್ಷ ತಪ್ಪದೆ ಕೆರೆಯ ಕೆಲಸಕ್ಕೆ ಇಳಿಯುವ ಜನರನ್ನೂ ಅವರಿಗೆ ಹಕ್ಕು ಮತ್ತು ಕೂಲಿ ಎರಡನ್ನೂ ಕೊಡುವ ಏರ್ಪಾಡನ್ನೂ ನಾವು ಹೊಸದಾಗಿ ಕಟ್ಟಿಕೊಳ್ಳಬೇಕಾಗಿದೆ.